ಬಿಗಿ ಮೇಸ್ತ್ರಿ ಬಿಗಿದದ್ದು

ಬೈಕು ಅನ್ನುವುದು ಓಡುತ್ತ ಓಡುತ್ತ ತನ್ನನ್ನು ತಾನೇ ಬಿಚ್ಚಿಹಾಕಿಕೊಳ್ಳುವ ಯಂತ್ರ ಎಂದು ಬಿಗಿ ಮೇಸ್ತ್ರಿ ಹೇಳುತ್ತಿದ್ದ. ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದನೆಂದರೆ, ಗ್ಯಾರೇಜಿನ ಎದುರು ಇಸ್ತ್ರಿ ಮಾಡುವವನು ಇವನು ಬಾಯಿ ತೆರೆಯುವ ಮೊದಲೇ ಆ ಮಾತನ್ನು ಮುಗಿಸಿಬಿಡುತ್ತಿದ್ದ. ಇಂಜಿನ್ನು ನಡುಗುತ್ತದೆ, ರಸ್ತೆ ಕುಲುಕುತ್ತದೆ, ನಟ್ಟು ಇವತ್ತು ಒಂದು ಕೂದಲೆಳೆ ಸಡಿಲವಾಗುತ್ತದೆ, ನಾಳೆ ಇನ್ನೊಂದೆಳೆ. ಆಮೇಲೆ ಒಂದು ದಿನ ಸವಾರ ಹಿಂದೆ ಯಾರು ಬರುತ್ತಿದ್ದಾರೆಂದು ಕನ್ನಡಿ ನೋಡಲು ಹೋದರೆ ಅಲ್ಲಿ ಬರೀ ಕಡ್ಡಿ. ಕನ್ನಡಿ ಹಿಂದೆಲ್ಲೋ ಚರಂಡಿಯ ಪಕ್ಕ ಆಕಾಶ ನೋಡುತ್ತ ಬಿದ್ದಿರುತ್ತದೆ. ಒಬ್ಬನ ಸೈಡ್ ಕವರು, ಇನ್ನೊಬ್ಬನ ನಂಬರ್ ಪ್ಲೇಟು, ಮತ್ತೊಬ್ಬನ ಸೈಲೆನ್ಸರಿನ ನಟ್ಟು. ಬೇರೆ ಗ್ಯಾರೇಜುಗಳಲ್ಲಿ ರಿಪೇರಿ ಮಾಡಿಸಿಕೊಂಡು ಹೀಗೆ ಕಳೆದುಕೊಂಡವರೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಇವನ ಬಾಗಿಲಿಗೆ. ಬಂದವರಿಗೆ ನಮಸ್ಕಾರಕ್ಕೆ ಬದಲು ಇವನು ಕೇಳುತ್ತಿದ್ದದ್ದು ಒಂದೇ: ರಸ್ತೆಗೆ ಈ ಸಲ ಏನು ದಾನ ಮಾಡಿ ಬಂದಿರಿ?

ತನ್ನ ಕೈಯಿಂದ ಹೋದ ಗಾಡಿಯಿಂದ ಒಂದು ವಾಷರ್ ಉದುರಿದರೂ ಕಿವಿ ಹಿಡಿದು ಬಸ್ಕಿ ಹೊಡೆಯುತ್ತೇನೆ ಎಂದು ಅವನು ಎದೆ ತಟ್ಟಿಕೊಂಡು ಹೇಳುತ್ತಿದ್ದ. ಹೇಳುವುದಕ್ಕೆ ಕಾರಣವೂ ಇತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಲಾರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುವಾಗ ಅವನು ಬಿಗಿದ ಚಕ್ರದ ನಟ್ಟನ್ನು ಬಿಚ್ಚಲು ಇಬ್ಬರು ಗಂಡಸರು ಸ್ಪ್ಯಾನರಿನ ಮೇಲೆ ಹತ್ತಿ ನಿಲ್ಲಬೇಕಾಯಿತಂತೆ. ಹೆಸರು ಅವತ್ತು ಅಂಟಿದ್ದು. ಕುಳ್ಳ ಆಳು, ಕತ್ತು ಕಾಣದ ಹಾಗೆ ತಲೆ ಕೂತಿತ್ತು, ಆದರೆ ಮಣಿಕಟ್ಟು ಬೇರೆಯವರ ಕಾಲಿನ ಗಂಟಿನಷ್ಟು ದಪ್ಪ. ಇಷ್ಟೇ ಬಿಗಿಯಬೇಕೆಂದು ಅಳತೆ ತೋರಿಸುವ ಸ್ಪ್ಯಾನರು ಪೇಟೆಗೆ ಬಂದಾಗ ತಮ್ಮ ಅದನ್ನು ತರೋಣ ಎಂದ. ಇವನು ತನ್ನ ಬಲಗೈಯನ್ನು ಅವನ ಮೂಗಿನ ಕೆಳಗೆ ಹಿಡಿದು, ಇದಕ್ಕಿಂತ ಒಳ್ಳೆಯ ಅಳತೆ ಯಾವ ಕಂಪನಿ ಮಾಡುತ್ತೋ ತೋರಿಸು ಎಂದಿದ್ದ.

ತಮ್ಮನಿಗೂ ಒಂದು ಅಡ್ಡಹೆಸರಿತ್ತು, ಗೆರೆ. ಅದೂ ಕೆಲಸದಿಂದಲೇ ಬಂದದ್ದು. ನಟ್ಟನ್ನೋ ಬೋಲ್ಟನ್ನೋ ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಸಣ್ಣದೊಂದು ಗೆರೆ ಎಳೆಯುವುದು ಆ ಗ್ಯಾರೇಜಿನ ಪದ್ಧತಿ. ಗೆರೆ ನೇರವಾಗಿದ್ದರೆ ಬೋಲ್ಟು ಕದಲಿಲ್ಲ ಎಂದರ್ಥ. ಗೆರೆ ಮುರಿದು ಬೋಲ್ಟಿನ ತುಂಡು ಒಂದು ಕಡೆ, ಕಬ್ಬಿಣದ ತುಂಡು ಇನ್ನೊಂದು ಕಡೆ ಆಗಿದ್ದರೆ ಬೋಲ್ಟು ತಿರುಗಿದೆ. ಉಗುರುಬಣ್ಣದ ಹಳೆಯ ಶೀಶೆಯಲ್ಲಿ ಹಳದಿ ಬಣ್ಣ ತುಂಬಿಕೊಂಡು, ಅದರದೇ ಪುಟ್ಟ ಬ್ರಷ್ಷಿನಲ್ಲಿ ತಮ್ಮ ಗೆರೆ ಎಳೆಯುತ್ತಿದ್ದ. ಕೆಲಸದ ಹಂಚಿಕೆ ಹೀಗಿತ್ತು: ಬಿಚ್ಚುವುದು ತಮ್ಮ, ಬಿಗಿಯುವುದು ಅಣ್ಣ, ಗೆರೆ ಮತ್ತೆ ತಮ್ಮ. ಬಿಚ್ಚುವುದು ಯಾರ ಕೈಲಾದರೂ ಆಗುತ್ತದೆ, ಬಿಗಿಯುವುದೇ ವಿದ್ಯೆ ಎನ್ನುವುದು ಅಣ್ಣನ ತೀರ್ಮಾನ. ಅಣ್ಣ ಕಣ್ಣು ಮುಚ್ಚಿ ಕೊನೆಯ ಎಳೆತ ಎಳೆದು "ಆಯ್ತು" ಅನ್ನುತ್ತಿದ್ದ, ಮುಂದಿನ ಗಾಡಿಗೆ ಹೊರಳುತ್ತಿದ್ದ. ತಮ್ಮ ಅವನಿಗೆ ಬೆನ್ನು ಮಾಡಿ ಕೂತು ಗೆರೆ ಎಳೆಯುತ್ತಿದ್ದ.

ಅದಕ್ಕೆ ಅವನು ತೆಗೆದುಕೊಳ್ಳುತ್ತಿದ್ದ ಹೊತ್ತು ಮಾತ್ರ ಬಲು ಜಾಸ್ತಿ. ಗಿರಾಕಿಗಳು ಗೊಣಗುತ್ತಿದ್ದರು. ಮದುಮಗಳಿಗೆ ಕಾಡಿಗೆ ಹಚ್ಚುತ್ತಿದ್ದೀಯೇನೋ ಎಂದು ಅಣ್ಣ ಎಲ್ಲರ ಮುಂದೆ ರೇಗಿಸುತ್ತಿದ್ದ. ತಮ್ಮ ನಗುತ್ತಿದ್ದ, ತಿರುಗಿ ಮಾತಾಡಿದವನಲ್ಲ. ಮದುವೆ ಮಾಡಿಕೊಂಡಿರಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಮೇಲಿನ ಮನೆಯಲ್ಲಿ ಅತ್ತಿಗೆ ಬಡಿಸಿದ್ದನ್ನು ಉಣ್ಣುತ್ತಿದ್ದ. ಅಣ್ಣನ ಒಬ್ಬಳೇ ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು. ಅವಳಿಗೆ ಬೈಕು ಕಲಿಸಿದವನೂ ಅವನೇ. ಈಗ ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಬೆಳಿಗ್ಗೆ ಬೈಕಿನಲ್ಲಿ ಹೋಗಿ ಹಾಸಿಗೆ ಹಿಡಿದವರ ಮನೆಗಳಿಂದ ರಕ್ತ ತೆಗೆದುಕೊಂಡು ಬರುವುದು. ಅಪ್ಪ ಬಿಗಿದ ಗಾಡಿ, ಚಿಕ್ಕಪ್ಪ ಕಲಿಸಿದ ಸವಾರಿ, ನನಗೇನು ಭಯ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ತಮ್ಮನಿಗೆ ಒಂದು ಕೆಟ್ಟ ಜ್ವರ ಬಂತು. ಅವನು ಹಾಸಿಗೆ ಬಿಟ್ಟೇಳದ ಆ ದಿನಗಳಲ್ಲಿ ಬಿಚ್ಚುವುದು, ಬಿಗಿಯುವುದು, ಗೆರೆ ಎಲ್ಲ ಅಣ್ಣನ ಮೇಲೇ ಬಿತ್ತು. ಎದ್ದು ಕೆಲಸಕ್ಕೆ ಬಂದ ದಿನವೇ ಬ್ರೆಡ್ಡು ಮಾರುವವನು ಬೈಕು ತಳ್ಳಿಕೊಂಡು ಬಂದ. ಬ್ರೆಡ್ಡಿನ ಕ್ರೇಟು ಕಟ್ಟುವ ಹಿಂದಿನ ಕಂಬಿ ಒಂದು ಕಡೆ ಕಳಚಿ ನೇತಾಡುತ್ತಿತ್ತು, ಅದರ ಬೋಲ್ಟು ದಾರಿಯಲ್ಲೆಲ್ಲೋ ಮಾಯ, ಅರ್ಧ ಕ್ರೇಟು ಬ್ರೆಡ್ಡು ನಾಯಿಗಳ ಪಾಲಾಗಿತ್ತು. ಮೇಸ್ತ್ರಿ ಬಿಗಿದ ಗಾಡಿ ಇದು, ಹೀಗಾಗಬಹುದೇ ಎಂದು ಅವನು ಗೋಳಾಡಿದ. ಅಣ್ಣ ಒಳಗೆ ಕೈ ತೊಳೆಯುತ್ತಿದ್ದ. ತಮ್ಮ ಬ್ರೆಡ್ಡಿನವನನ್ನು ಸಮಾಧಾನ ಮಾಡಿದ.

"ಅಣ್ಣನ ಮಣಿಕಟ್ಟು ಈಚೆಗೆ ನೋಯುತ್ತೆ ಕಣ್ರೀ. ಮೊದಲಿನ ಹಿಡಿತ ಇಲ್ಲ. ಕೊಡಿ ಇಲ್ಲಿ, ನಾನು ನೋಡ್ತೀನಿ."

ಅಷ್ಟೇ ಹೇಳಿದ್ದು. ಸಣ್ಣ ದನಿಯಲ್ಲಿ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಳಗಿನಿಂದ ಕೇಳಿಸಿಕೊಂಡ ಅಣ್ಣನಿಗೆ ಮೈಯೆಲ್ಲ ಉರಿ ಹತ್ತಿತು. ನಲ್ಲಿಯ ನೀರು ಹಾಗೇ ಹರಿಯುತ್ತಿತ್ತು, ಅವನು ಹೊರಗೆ ಬಂದ. ತಮ್ಮನ ಅಂಗಿಯ ಜೇಬಿಗೆ ಕೈ ಹಾಕಿ ಹಳದಿ ಶೀಶೆಯನ್ನು ಕಿತ್ತುಕೊಂಡು ತನ್ನ ಜೇಬಿಗೆ ಇಳಿಸಿದ. ಅವತ್ತಿನಿಂದ ತಮ್ಮನ ಜೊತೆ ಮಾತೇ ಬಿಟ್ಟ.

ಮಾತು ಬಿಟ್ಟರೂ ಹೊಟ್ಟೆಪಾಡು ಬಿಡುವ ಹಾಗಿರಲಿಲ್ಲವಲ್ಲ. ಒಂದೇ ಕೋಣೆ, ಒಂದೇ ಬೈಕು, ಆ ಕಡೆ ಒಬ್ಬ ಈ ಕಡೆ ಒಬ್ಬ. ನಡುವೆ ನಿಂತ ಗಿರಾಕಿಗೆ ಅಣ್ಣ ಹೇಳುತ್ತಿದ್ದ, ಅವನಿಗೆ ಹೇಳಿ ದೊಡ್ಡ ಸ್ಪ್ಯಾನರು ಕೊಡಲಿ ಅಂತ. ಗಿರಾಕಿ ಪಿಳಿಪಿಳಿ ಕಣ್ಣು ಬಿಡುತ್ತ ಹೇಳುತ್ತಿದ್ದ. ಮನೆಯಲ್ಲಿ ಈ ಅಂಚೆ ಕೆಲಸ ಹೆಂಡತಿಗೆ. ಗಂಡನ ಎದುರು ಅವಳು ಮೈದುನನ ಪರವಾಗಿ ಒಂದೆರಡು ಸಲ ಬಾಯಿ ಬಿಟ್ಟಳು, ಅವನು ಅನ್ನದ ತಟ್ಟೆ ಸರಿಸಿ ಎದ್ದುಹೋದ ಮೇಲೆ ಅದನ್ನೂ ಬಿಟ್ಟಳು. ತಮ್ಮ ಬಿಚ್ಚುತ್ತಿದ್ದ. ಬಿಗಿಯುವುದೂ ಗೆರೆ ಎಳೆಯುವುದೂ ಈಗ ಅಣ್ಣನೇ.

ಅಲ್ಲಿಂದ ಶುರುವಾಯಿತು ಉದುರುವುದು. ಪಾಠ ಹೇಳುವ ಮೇಷ್ಟ್ರ ಬೈಕಿನ ಸೈಡ್ ಕವರು ಬಿತ್ತು. ಹುಡುಕಿಕೊಂಡು ಹೋದರೆ ತರಕಾರಿ ಗಾಡಿಯವಳು ಅದರಲ್ಲಿ ನಿಂಬೆಹಣ್ಣು ಜೋಡಿಸಿಟ್ಟಿದ್ದಳು. ಪೇಂಟರನ ಕನ್ನಡಿ ಹೋಯಿತು, ಹಾಲಿನವನ ನಂಬರ್ ಪ್ಲೇಟು ಹೋಯಿತು. ಅಂಚೆಯವನು ತಿರುವಿನಲ್ಲಿ ಕಾಲು ಊರಲು ಹೋದರೆ ಫುಟ್‌ರೆಸ್ಟೇ ಇಲ್ಲ. ಬಗಲಲ್ಲಿದ್ದ ಪಾರ್ಸೆಲ್ಲಿನ ಸಮೇತ ಬೇಲಿಗೆ ಹೋಗಿ ಒರಗಿದ. ಇಸ್ತ್ರಿಯವನು ಒಂದು ದಿನ ಸುಮ್ಮನಿರಲಾರದೆ, ಏನು ಮೇಸ್ತ್ರಿ, ಈಗ ದಾನ ನಿಮ್ಮ ಕಡೆಯಿಂದಲೇ ಶುರುವಾದ ಹಾಗಿದೆಯಲ್ಲ ಎಂದ. ಬಿಗಿ ಮೇಸ್ತ್ರಿ ಅವನ ಅಂಗಡಿಯಲ್ಲಿ ಬಟ್ಟೆ ಕೊಡುವುದನ್ನೇ ನಿಲ್ಲಿಸಿದ, ಸುಕ್ಕು ಅಂಗಿಯಲ್ಲೇ ಓಡಾಡಿದ.

ಬಂದ ಗಾಡಿಗಳನ್ನೆಲ್ಲ ಅವನು ಬಗ್ಗಿ ನೋಡುತ್ತಿದ್ದ. ಇನ್ನೂ ಉದುರದೆ ಉಳಿದಿದ್ದ ಬೋಲ್ಟುಗಳ ಮೇಲೂ ಗೆರೆ ಮುರಿದಿರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ನನ್ನ ಬಿಗಿ ಸಾಲುತ್ತಿಲ್ಲ ಅಂದುಕೊಳ್ಳುತ್ತಿದ್ದರು. ಇವನ ಲೆಕ್ಕವೇ ಬೇರೆ. ನಾನು ಬಿಗಿದದ್ದು ತಾನಾಗಿ ಕದಲುವುದಿಲ್ಲ. ಗೆರೆ ಮುರಿದಿದೆ ಅಂದರೆ ಬೋಲ್ಟು ಕದಲಿದೆ. ಹಾಗಾದರೆ ಯಾರೋ ಕದಲಿಸಿದ್ದಾರೆ. ಆ ಯಾರೋ ಯಾರೆಂದು ಹುಡುಕಲು ಅವನು ದೂರ ಹೋಗಬೇಕಾಗಿರಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಒಬ್ಬ ಮಲಗುತ್ತಿದ್ದ, ಅವನ ಹತ್ತಿರ ಬೀಗದ ಕೈಯೂ ಇತ್ತು.

ಮಣಿಕಟ್ಟಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಬೆಳಿಗ್ಗೆ ಬಚ್ಚಲಿನ ನಲ್ಲಿ ತಿರುಗಿಸಲು ಎರಡು ಕೈ ಬೇಕಾಗುತ್ತಿತ್ತು, ನಲ್ಲಿ ಕೆಟ್ಟಿದೆ ಅನ್ನುತ್ತಿದ್ದ. ಹಲ್ಲುಪುಡಿಯ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು, ಇಷ್ಟು ಗಟ್ಟಿಯಾಗಿ ಮುಚ್ಚಬೇಡವೇ ಎಂದು ಗದರುತ್ತಿದ್ದ. ಅವಳು ಎರಡು ಬೆರಳಲ್ಲಿ ತೆಗೆದುಕೊಡುತ್ತಿದ್ದಳು, ಅವಳಿಗೇನೂ ತೋಚುತ್ತಿರಲಿಲ್ಲವೋ, ತೋಚಿದರೂ ಬಾಯಿ ಬಿಡುತ್ತಿರಲಿಲ್ಲವೋ. ಕೈ ಸೋಲುತ್ತಿದೆ ಎನ್ನುವುದಕ್ಕಿಂತ ತಮ್ಮ ದ್ರೋಹಿ ಎನ್ನುವುದು ಅವನಿಗೆ ಸುಲಭವಾಯಿತು. ಮನುಷ್ಯ ಎಷ್ಟು ನೀಚನಾಗಬಲ್ಲ ಎಂದು ತಿಳಿಯಲು ದೊಡ್ಡ ಪಾಪಗಳನ್ನು ನೋಡಬೇಕಾಗಿಲ್ಲ, ಹಲ್ಲುಪುಡಿಯ ಡಬ್ಬಿ ಸಾಕು.

ಒಂದು ಮಧ್ಯಾಹ್ನ ಕೇಬಲ್ಲು ತರಲು ಹೋಗಿದ್ದವನು ಬೇಗ ಮರಳಿದ. ಗ್ಯಾರೇಜಿನಲ್ಲಿ ಅಂಚೆಯವನ ಬೈಕಿನ ಪಕ್ಕ ತಮ್ಮ ಕುಕ್ಕರಗಾಲಲ್ಲಿ ಕೂತಿದ್ದ. ಬೆಳಿಗ್ಗೆಯಷ್ಟೇ ಅಣ್ಣ ಬಿಗಿದು ಗೆರೆ ಎಳೆದಿಟ್ಟಿದ್ದ ಹಿಂದಿನ ಚಕ್ರದ ನಟ್ಟಿನ ಮೇಲೆ ಅವನ ಸ್ಪ್ಯಾನರು ಇತ್ತು. ಹೊಸ ಗೆರೆ ಎರಡು ತುಂಡಾಗಿತ್ತು.

"ಏನ್ ಮಾಡ್ತಿದ್ದೀಯ?" ಎಂದ ಅಣ್ಣ. ಅಷ್ಟು ತಿಂಗಳಲ್ಲಿ ಆಡಿದ ಮೊದಲ ಮಾತು.

"ಬಿಗೀತಿದ್ದೆ ಅಣ್ಣ."

ಅಣ್ಣ ನಕ್ಕ. ಬಿಗಿ ಮೇಸ್ತ್ರಿ ಬಿಗಿದದ್ದನ್ನು ಗೆರೆ ಬಿಗಿಯುತ್ತಾನಂತೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ತಾನು ಬಟ್ಟೆ ಕೊಡುವುದು ಬಿಟ್ಟಿದ್ದ ಇಸ್ತ್ರಿಯವನನ್ನೇ ಕೂಗಿ ಕರೆದು ಮುರಿದ ಗೆರೆ ತೋರಿಸಿ ಸಾಕ್ಷಿ ಮಾಡಿಕೊಂಡ. ಮುರಿದ ಗೆರೆ ಯಾವ ಕಡೆಗೆ ಸರಿದಿದೆ ಎಂದು ಮಾತ್ರ ನೋಡಲಿಲ್ಲ. ನಟ್ಟಿನ ಮೇಲಿನ ತುಂಡು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸರಿದಿದ್ದರೆ ಅದು ಬಿಗಿದದ್ದು, ಎದುರು ಕಡೆಗಾದರೆ ಸಡಿಲಿಸಿದ್ದು. ಕೆಲಸ ಕಲಿಯಲು ಬಂದವನಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು, ತಮ್ಮನಿಗೆ ಇವನೇ ಹೇಳಿಕೊಟ್ಟಿದ್ದ. ಒಂದು ಸಲ ಬಗ್ಗಿ ನೋಡಿದ್ದರೆ ಮುಗಿಯುತ್ತಿತ್ತು. ಸಿಟ್ಟಿಗೆ ಕಣ್ಣೆಲ್ಲಿರುತ್ತದೆ. ಹೆಂಡತಿ ಮೆಟ್ಟಿಲಿಳಿದು ಬಂದು ಅಡ್ಡ ನಿಂತಳು, ಇಲ್ಲದಿದ್ದರೆ ಅವತ್ತೇ ಕತ್ತು ಹಿಡಿದು ಹೊರಗೆ ಹಾಕುತ್ತಿದ್ದ. ಇನ್ನು ತಮ್ಮ ಬಿಚ್ಚಿಕೊಟ್ಟು ಹಿಂದಿನ ಕೋಣೆಗೆ ಹೋಗಿಬಿಡಬೇಕು, ಬಿಗಿದ ಗಾಡಿಯ ನೆರಳೂ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ಮಗಳ ಬೈಕಿನ ಮುಂದಿನ ಬ್ರೇಕಿನ ಪ್ಯಾಡುಗಳು ಸವೆದಿದ್ದದ್ದು ಅದೇ ಹೊತ್ತಿಗೆ. ಮುಂದಿನ ಚಕ್ರದ ತಟ್ಟೆಯನ್ನು ಹಿಡಿದು ಗಾಡಿ ನಿಲ್ಲಿಸುವ ಆ ಬ್ರೇಕಿನ ಹಿಡಿ, ಅಂದರೆ ಕ್ಯಾಲಿಪರು, ಎರಡೇ ಬೋಲ್ಟಿನ ಮೇಲೆ ಕೂತಿರುತ್ತದೆ, ಮೇಲೊಂದು ಕೆಳಗೊಂದು. ಕೆಳಗಿನದನ್ನು ಬಿಚ್ಚಿದರೆ ಸಾಕು, ಹಿಡಿಯನ್ನು ಮೇಲಕ್ಕೆ ಮಡಚಿ ಪ್ಯಾಡು ಬದಲಿಸಬಹುದು. ಮೇಲಿನದು ಮಾತುಕತೆ ಇದ್ದ ಕಾಲದಲ್ಲಿ ಇಬ್ಬರೂ ಸೇರಿ ಹಾಕಿದ್ದು, ಅದರ ಹಳೆಯ ಗೆರೆ ಹಾಗೇ ಇತ್ತು. ತಮ್ಮ ಕೆಳಗಿನ ಬೋಲ್ಟು ಬಿಚ್ಚಿಕೊಟ್ಟು ಹಿಂದಿನ ಕೋಣೆಗೆ ಹೋದ. ಅಣ್ಣ ಪ್ಯಾಡು ಹಾಕಿದ, ಕಣ್ಣು ಮುಚ್ಚಿ ಎಳೆದ, ಗೆರೆ ಎಳೆದ, ಗಾಡಿಯನ್ನು ತಳ್ಳಿಕೊಂಡು ಹೋಗಿ ಮೆಟ್ಟಿಲ ಬುಡದ ಪಡಸಾಲೆಯಲ್ಲಿ ನಿಲ್ಲಿಸಿ ಬೀಗ ಹಾಕಿದ. ತಮ್ಮನ ಕೈಗೆ ಸಿಗದಿರಲೆಂದು ಅಷ್ಟು ಮುತುವರ್ಜಿ.

ಕೆಲವು ದಿನ ಗಾಡಿ ಸರಿಯಾಗಿಯೇ ಓಡಿತು. ಒಂದು ಬೆಳಿಗ್ಗೆ ಮಗಳು ಲ್ಯಾಬಿಗೆ ಮರಳುವ ದಾರಿಯಲ್ಲಿ ಆ ಕೆಳಗಿನ ಬೋಲ್ಟು ಕಳಚಿ ಎಲ್ಲೋ ಬಿದ್ದುಹೋಯಿತು. ಅವಳಿಗೆ ಗೊತ್ತಾಗುವುದಾದರೂ ಹೇಗೆ. ನಾಲ್ಕು ರಸ್ತೆ ಸೇರುವಲ್ಲಿ ಬ್ರೇಕು ಹಿಡಿದಳು; ಒಂದೇ ಬೋಲ್ಟಿನ ಮೇಲೆ ನೇತಾಡುತ್ತಿದ್ದ ಹಿಡಿ ತಿರುಚಿಕೊಂಡು ಚಕ್ರದ ಕಡ್ಡಿಗಳಿಗೆ ಸಿಕ್ಕಿತು, ಚಕ್ರ ಕಚ್ಚಿ ನಿಂತಿತು. ಅವಳು ಗಾಡಿ ಸಮೇತ ಉರುಳಿದಳು, ಮಂಡಿಯ ಕೆಳಗೆ ಮೂಳೆ ಎರಡು ಕಡೆ ಮುರಿಯಿತು. ಸ್ಟೀಲಿನ ಪಟ್ಟಿ ಹಾಕಿ ಕೂರಿಸಿದರು. ಕಾಲು ನೇರವಾಗುತ್ತದೆ, ಮೊದಲಿನ ನಡಿಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ, ನಂಟರಿಷ್ಟರು ಅಕ್ಕಪಕ್ಕದವರು ಎಲ್ಲರ ಎದುರಿಗೆ, ಬಿಗಿ ಮೇಸ್ತ್ರಿ ತಮ್ಮನ ಕಡೆ ಬೆರಳು ತೋರಿಸಿದ. ಸ್ಪ್ಯಾನರು ಹಿಡಿದು ಸಿಕ್ಕಿಬಿದ್ದದ್ದನ್ನು ಇಸ್ತ್ರಿಯವನು ನೋಡಿದ್ದಾನೆ, ಕೇಳಿ ಎಂದ. ಪಡಸಾಲೆಯ ಬೀಗದ ಕೈ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ, ದಿನಕ್ಕೆರಡು ಹೊತ್ತು ಉಣ್ಣಲು ಇವನು ಅಲ್ಲಿಗೇ ಬರುತ್ತಾನೆ ಎಂದ. ಇಸ್ತ್ರಿಯವನು ನೆಲ ನೋಡುತ್ತ, ಗೆರೆ ಮುರಿದದ್ದಂತೂ ನಿಜ ಎಂದ. ಇಷ್ಟು ದಿನ ಬಡಿಸಿದ್ದ ಅತ್ತಿಗೆ ಮೈದುನನನ್ನು ದಿಟ್ಟಿಸಿ ನೋಡಿದಳು, ಆಮೇಲೆ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ತಮ್ಮ ಒಂದೇ ಒಂದು ಸಲ ಬಾಯಿ ತೆರೆದ. ಅಣ್ಣನ ಮುಖ ನೋಡಿದ, ಬಾಯಿ ಮುಚ್ಚಿದ. ಅದನ್ನು ಎಲ್ಲರೂ ತಪ್ಪಿತಸ್ಥನ ಮೌನ ಅಂದುಕೊಂಡರು. ಸಂಜೆಯ ಹೊತ್ತಿಗೆ ಅವನ ಬಟ್ಟೆಬರೆ ಬೀದಿಯಲ್ಲಿತ್ತು. ಬೋಲ್ಟು ಸಡಿಲಿಸುವವನೆಂದು ಹೆಸರು ಬಿದ್ದ ಮೆಕ್ಯಾನಿಕ್ಕನ್ನು ಯಾವ ಗ್ಯಾರೇಜಿನವನು ಒಳಗೆ ಬಿಟ್ಟುಕೊಳ್ಳುತ್ತಾನೆ. ಊರ ಹೊರಗೆ ಗಾಡಿಗಳಿಗೆ ನೀರು ಹೊಡೆದು ತೊಳೆಯುವ ಶೆಡ್ಡೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು.

ಮಗಳು ಮನೆಗೆ ಬಂದಳು. ನೋವನ್ನು ಹಲ್ಲು ಕಚ್ಚಿ ತಡೆಯುತ್ತಿದ್ದಳು, ಅತ್ತವಳಲ್ಲ. ಆದರೆ ಎರಡು ದಿನಕ್ಕೊಮ್ಮೆ ಅಪ್ಪನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಳು. ಚಿಕ್ಕಪ್ಪನಿಗೆ ನಿನ್ನ ಮೇಲೆ ಸಿಟ್ಟಿತ್ತು, ಸರಿ. ನಾನೇನು ಮಾಡಿದ್ದೆ? ಅಪ್ಪ ತನ್ನ ಹತ್ತಿರ ಉತ್ತರ ಇಲ್ಲದ್ದಕ್ಕೂ ತಮ್ಮನನ್ನೇ ಬೈಯುತ್ತಿದ್ದ.

ಮುಚ್ಚಿದ್ದ ಗ್ಯಾರೇಜಿನ ಬಾಗಿಲು ತೆರೆದು ಅವನು ಮೊದಲು ಕೈ ಹಾಕಿದ್ದು ಮಗಳ ಬೈಕಿಗೇ. ಮುರಿದ ಬ್ರೇಕಿನ ಹಿಡಿ ತೆಗೆದು ಹೊಸದು ಕೂರಿಸಬೇಕಿತ್ತು. ತೆಗೆಯಬೇಕೆಂದರೆ ಮೇಲಿನ ಬೋಲ್ಟು ಬಿಚ್ಚಬೇಕು. ಬಿಚ್ಚುವುದು ಯಾರ ಕೈಲಾದರೂ ಆಗುವ ಕೆಲಸ ನೋಡಿ. ಸ್ಪ್ಯಾನರು ಹಾಕಿ ಎಳೆದ, ಬೋಲ್ಟು ಕದಲಲಿಲ್ಲ. ಕಾಲು ಊರಿ ಎಳೆದ. ಎಣ್ಣೆ ಬಿಟ್ಟು ಕಾದು ಎಳೆದ. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ಜೋತುಬಿದ್ದ. ಮಣಿಕಟ್ಟಿನಲ್ಲಿ ಬೆಂಕಿ ಹೊತ್ತಿದ ಹಾಗಾಗಿ ಪೈಪು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ತುಕ್ಕು ಹಿಡಿದಿದೆ ಎಂದು ಗೊಣಗಿಕೊಂಡು ಬಟ್ಟೆಯಿಂದ ಒರೆಸಿ ನೋಡಿದ. ತುಕ್ಕಿನ ಒಂದು ಕಣವೂ ಇರಲಿಲ್ಲ.

ಅವನು ನೆಲದ ಮೇಲೆ ಕೂತುಬಿಟ್ಟ. ಇದನ್ನು ಬಿಗಿದವನು ನಾನೇ ತಾನೆ. ಕಣ್ಣು ಮುಚ್ಚಿ ಎಳೆದು ಆಯ್ತು ಅಂದಿದ್ದು ನೆನಪಿದೆ. ಮಣಿಕಟ್ಟು ಅವತ್ತೂ ನೋಯುತ್ತಿತ್ತು, ಅದೂ ನೆನಪಿದೆ. ನನ್ನ ಕೈ ಬಿಗಿದದ್ದನ್ನು ನನ್ನ ಕೈ ಪೈಪು ಹಾಕಿದರೂ ಬಿಚ್ಚಲಾಗದೆಂದರೆ ಅದನ್ನು ಬಿಗಿದದ್ದು ನನ್ನ ಕೈಯಲ್ಲ. ನಾನು ಆ ಕಡೆ ಹೊರಳಿದ ಮೇಲೆ, ನನಗೆ ಬೆನ್ನು ಮಾಡಿ ಕೂತವನು ಇದನ್ನು ಇನ್ನೊಂದು ಸುತ್ತು ಎಳೆದಿದ್ದಾನೆ. ಎಳೆದು ಆಮೇಲೆ ಗೆರೆ ಹಾಕಿದ್ದಾನೆ. ಒಂದು ಗೆರೆಗೆ ಅಷ್ಟು ಹೊತ್ತು ಏಕೆ ಬೇಕಾಗುತ್ತಿತ್ತು ಎಂದು ಅವನಿಗೆ ಈಗ ತಿಳಿಯಿತು. ನಾಚಿಕೆಯೆನ್ನುವುದು ಮೈಯಲ್ಲಿ ಎಲ್ಲಿ ಇರುತ್ತದೋ ಅಲ್ಲಿಂದ ಎದ್ದು ಕಿವಿಯ ತನಕ ಬಂತು.

ಹೆಂಡತಿಗೆ ಬೋಲ್ಟು ತುಕ್ಕು ಹಿಡಿದಿದೆ, ಎಲ್ಲಾದರೂ ಬಿಚ್ಚಿಸಿಕೊಂಡು ಬರುತ್ತೇನೆ ಎಂದು ಹೇಳಿ, ಹೊಸ ಹಿಡಿಯನ್ನೂ ಹೆಲ್ಮೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಬೈಕು ತಳ್ಳಿಕೊಂಡು ಹೊರಟ. ಅರೆಬರೆ ಸಿಕ್ಕಿಕೊಂಡಿದ್ದ ಚಕ್ರ ದಾರಿಯುದ್ದಕ್ಕೂ ಕಿರುಗುಟ್ಟಿತು. ನೀರಿನ ಶೆಡ್ಡಿನಲ್ಲಿ ತಮ್ಮ ಪ್ಯಾಂಟು ಮಡಚಿಕೊಂಡು ಒಂದು ವ್ಯಾನಿನ ಹೊಟ್ಟೆಯ ಕೆಸರು ತೊಳೆಯುತ್ತಿದ್ದ. ಬೈಕು ನೋಡಿದ, ಅಣ್ಣನನ್ನು ನೋಡಿದ, ನೀರು ನಿಲ್ಲಿಸಿದ. ಒಳಗಿನಿಂದ ಸ್ಪ್ಯಾನರು ತಂದು ಮೇಲಿನ ಬೋಲ್ಟಿಗೆ ಹಾಕಿ, ಹೆಗಲು ಕೊಟ್ಟು ಒಂದು ಸಲ ಎಳೆದ. ಕಟ್ ಎಂದು ಬಿಟ್ಟುಕೊಂಡಿತು.

ತಮ್ಮ ಹೊಸ ಹಿಡಿ ಕೂರಿಸಿ ಎರಡೂ ಬೋಲ್ಟು ಬಿಗಿದು ಮುಗಿಸಿದ.

"ಯಾವಾಗಿಂದ?" ಎಂದ ಅಣ್ಣ.

"ಬಹಳ ವರ್ಷ ಆಯ್ತು."

"ನನಗೆ ಹೇಳಬಾರದಿತ್ತಾ?"

"ಒಂದು ಸಲ ಬಾಯಿ ತಪ್ಪಿ ಬ್ರೆಡ್ಡಿನವನ ಹತ್ರ ಹೇಳಿದ್ನಲ್ಲ. ಅದಕ್ಕೇ ಅಲ್ವಾ ನೀನು ಮಾತು ಬಿಟ್ಟಿದ್ದು."

ಅಣ್ಣ ಒದ್ದೆ ನೆಲವನ್ನು ನೋಡುತ್ತ ನಿಂತ. ತಮ್ಮ ಸ್ಪ್ಯಾನರು ಒರೆಸುತ್ತ, ತಪ್ಪು ತನ್ನದೂ ಇದೆ ಎಂದ. ಬೇರೆಯವರ ಗಾಡಿಗಳಲ್ಲಿ ಕೈಗೆ ಸಿಕ್ಕಷ್ಟನ್ನು ನೀನಿಲ್ಲದಾಗ ಹೇಗೋ ಬಿಗಿದಿಡುತ್ತಿದ್ದೆ, ಅವಳ ಗಾಡಿಗೆ ನೀನು ಬೀಗ ಹಾಕಿದೆ. ಆಗಲಾದರೂ ಅವಳ ಕಿವಿಗೆ ಹಾಕಬೇಕಿತ್ತು, ನಿನ್ನ ಮರ್ಯಾದೆ ಅಂತ ನಾಲಿಗೆ ಕಚ್ಚಿಕೊಂಡೆ, ಈಗ ಕಣ್ಣು ಮುಚ್ಚಿದರೆ ಅವಳ ಕಾಲೇ ಕಾಣುತ್ತದೆ ಎಂದ. ಮನೆಗೆ ಬಾ, ಗ್ಯಾರೇಜನ್ನು ನೀನೇ ನೋಡಿಕೋ, ನಾನು ಸುಮ್ಮನೆ ಕೂತಿರುತ್ತೇನೆ ಎಂದ ಅಣ್ಣ. ಆ ಕ್ಷಣ ಅದನ್ನು ಮನಸ್ಸಿನಿಂದಲೇ ಹೇಳಿದ, ಸುಳ್ಳಲ್ಲ.

"ಗ್ಯಾರೇಜು ಬೇಡ ಅಣ್ಣ. ಊರಿಗೆ ಹೇಳು ಅಂತಾನೂ ಕೇಳಲ್ಲ. ಅವಳೊಬ್ಬಳಿಗೆ ನಿಜ ಹೇಳು. ನಾನು ಹಾಗೆ ಮಾಡಿದೆ ಅಂತ ಅವಳು ಅಂದ್ಕೊಂಡಿರೋದು ನನ್ನ ಕೈಲಿ ತಡೆಯೋಕಾಗ್ತಿಲ್ಲ."

ಹೇಳುತ್ತೇನೆ, ಇವತ್ತೇ ಹೇಳುತ್ತೇನೆ ಎಂದು ಅಣ್ಣ ಮಾತು ಕೊಟ್ಟ. ಬೈಕು ಹತ್ತಿಕೊಂಡೇ ಮನೆಗೆ ಬಂದ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡ. ನನ್ನ ಕೈ ಸೋತಿತ್ತು ಮಗಳೇ, ಅದನ್ನು ಮುಚ್ಚಿಟ್ಟದ್ದು ನಾನು, ನಿನ್ನ ಕಾಲು ಮುರಿದದ್ದು ನಾನು. ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿಯೂ ನೋಡಿದ. ಅಲ್ಲಿ ಸಲೀಸಾಗಿಯೇ ಬಂತು.

ಮಗಳು ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ಬೈಕಿನ ಸದ್ದು ಕೇಳಿ ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು.

"ಸರಿ ಮಾಡಿಬಿಟ್ಟೆಯಾ ಅಪ್ಪ? ಇನ್ನು ಆ ಗಾಡಿ ಹತ್ತೋಕೆ ನನಗೆ ಹೆದರಿಕೆ ಇಲ್ಲ ಬಿಡು. ನೀನು ಬಿಗಿದಿದ್ದು, ಬೇರೆ ಯಾರೂ ಮುಟ್ಟಿಲ್ಲ."

ಅವನು ಅವಳ ಮಂಚದ ತುದಿಗೆ ಕೂತ. ಹೆಂಡತಿ ನೀರಿನ ಲೋಟ ತಂದು ಬಾಗಿಲಲ್ಲಿ ನಿಂತಳು. ಮಗಳು ಮತ್ತೆ ಅದೇ ಪ್ರಶ್ನೆಗೆ ಬಂದಳು.

"ಚಿಕ್ಕಪ್ಪ ಯಾಕಪ್ಪ ಹಾಗೆ ಮಾಡಿದ?"

ಬಾಗಿಲು ಹೀಗೆ ತಾನಾಗಿ ತೆರೆದುಕೊಳ್ಳುವುದು ಎಲ್ಲರ ಬದುಕಿನಲ್ಲೂ ಇರುವುದಿಲ್ಲ. ಅವನಲ್ಲ ಎಂದರೆ ಸಾಕಿತ್ತು. ಬಿಗಿ ಮೇಸ್ತ್ರಿ ಮಗಳ ಮುಖ ನೋಡಿದ. ಆ ಮುಖದಲ್ಲಿ ತನ್ನ ಮೇಲಿದ್ದ ನಂಬಿಕೆಯನ್ನು ನೋಡಿದ. ಅದು ಹೋದರೆ ತನಗೆ ಉಳಿಯುವುದೇನು ಎಂದು ಲೆಕ್ಕ ಹಾಕಿದ. ಹೆಂಡತಿಯ ಕೈಯಿಂದ ಲೋಟ ತೆಗೆದುಕೊಂಡು ಪೂರ್ತಿ ಕುಡಿದ.

"ಕೆಲವರು ಹಾಗೇನೇ ಮಗಳೇ," ಎಂದ. "ನೀನು ಅದನ್ನೆಲ್ಲ ತಲೆಗೆ ಹಾಕ್ಕೋಬೇಡ."

ಮಗಳು ಕೋಲು ಹಿಡಿದು ನಡೆಯಲು ಕಲಿತಳು. ಅವಳು ಮೊದಲ ಸಲ ಬೀದಿಗಿಳಿದ ಸಂಜೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಅಪ್ಪನ ತೋಳಲ್ಲಿ. ಮೂಲೆಯ ಔಷಧಿ ಅಂಗಡಿಯ ತನಕ ಬಂದಾಗ ಎದುರಿನಿಂದ ಚಿಕ್ಕಪ್ಪ ಬರುತ್ತಿದ್ದ. ಪ್ಯಾಂಟಿನ ತುದಿ ಇನ್ನೂ ಒದ್ದೆಯಾಗಿತ್ತು. ಅವಳು ನಡೆಯುವುದನ್ನು ಕಂಡು ಅವನು ಅಲ್ಲೇ ನಿಂತುಬಿಟ್ಟ. ಅವಳಿಗೆ ಎಲ್ಲ ತಿಳಿದಿದೆ ಎಂದೇ ಅವನು ನಂಬಿದ್ದ. ಅಣ್ಣ ಮಾತು ಕೊಟ್ಟಿದ್ದನಲ್ಲ. ಮುಖವೆಲ್ಲ ನಗುವಾಗಿ, ಎರಡೂ ಕೈ ಮುಂದೆ ಮಾಡಿಕೊಂಡು ಬಂದ.

"ಪುಟ್ಟೀ, ನಡೀತಿದ್ದೀಯಲ್ಲೇ. ನೋವು ಕಡಿಮೆ ಆಯ್ತೇನೇ?"

ಅವಳ ಬೆರಳುಗಳು ಅಪ್ಪನ ತೋಳಿಗೆ ಕಚ್ಚಿಕೊಂಡವು. ಅವಳು ಮುಖ ಆ ಕಡೆ ತಿರುಗಿಸಿ, ಕೋಲನ್ನು ರಸ್ತೆಯ ಇನ್ನೊಂದು ಬದಿಗೆ ಊರಿದಳು. ಚಾಚಿದ ಕೈಗಳನ್ನು ಇಳಿಸಲೂ ಮರೆತು ಚಿಕ್ಕಪ್ಪ ನಿಂತಿದ್ದ. ಅವಳ ಕಡೆ ಅವನು ಮತ್ತೆ ನೋಡಲಿಲ್ಲ. ನೋಡಿದ್ದು ಅಣ್ಣನನ್ನು.

ಬಿಗಿ ಮೇಸ್ತ್ರಿ ತಲೆ ತಗ್ಗಿಸಿ ಮಗಳ ಪಾದಗಳ ಮುಂದಿನ ನೆಲವನ್ನು ನೋಡಿದ.

"ನಿಧಾನ," ಎಂದ ಅವಳಿಗೆ. "ಕಲ್ಲಿದೆ ಇಲ್ಲಿ."

ಅಲ್ಲಿ ಯಾವ ಕಲ್ಲೂ ಇರಲಿಲ್ಲ.